ತಂಪಿನ ಲೆಕ್ಕ: ಹರವಿಯಿಂದ ಮೀನಿನ ಪೆಟ್ಟಿಗಿಯವರೆಗೆ

ನಮ್ಮ ಜತ್ತ ಸೀಮಿಯೊಳಗ ಹೋಳಿ ಹುಣ್ಣಿಮಿ ದಾಟಿತಂದ್ರ ಕುಂಬಾರರ ಮನಿ ಮುಂದ ಹೊಸ ಹರವಿಗಳು ಸಾಲುಗಟ್ಟಿ ಕೂಡತಾವ. ಕೊಳ್ಳಲಿಕ್ಕೆ ಬಂದವರು ಮೊದಲು ಬೆರಳಿಲೆ ಬಾರಿಸಿ ಸಪ್ಪಳ ಕೇಳತಾರ. ಆಮ್ಯಾಲ ಮನಿಗೆ ಒಯ್ದು ನೀರು ತುಂಬಿ, ಹೊರಗಿನ ಮೈ ಒದ್ದಿ ಆಗತೈತೋ ಇಲ್ಲೋ ನೋಡತಾರ. ಒದ್ದಿ ಆಗದ ಹರವಿ ಎಷ್ಟು ಚಂದ ಇದ್ದರೂ ಬ್ಯಾಸಗಿಗೆ ಉಪಯೋಗಿಲ್ಲ. ಈ ಪರೀಕ್ಷೆಯನ್ನು ನಮ್ಮ ಹೆಣ್ಣುಮಕ್ಕಳು ಯಾವ ಸಾಲಿಯಲ್ಲೂ ಕಲಿತದ್ದಲ್ಲ. ಅವ್ವನಿಂದ ಮಗಳು, ಅತ್ತಿಯಿಂದ ಸೊಸಿ ಕಲಿತು ಬಂದದ್ದು.

ಅರಸರ ಯುದ್ಧ, ಕ್ವಾಟಿ, ದಂಡು, ಇವುಗಳ ಚರಿತ್ರೆ ಪುಸ್ತಕದಾಗ ಬೇಕಾದಷ್ಟು ಐತಿ. ಆದರೆ ಒಂದು ತಂಬಿಗಿ ನೀರು ತಂಪಾಗಿ ಇಡಲಿಕ್ಕೆ ಜನ ಏನೇನು ಮಾಡಿದರು, ಅದಕ್ಕೆ ಏನು ಬೆಲೆ ಕೊಟ್ಟರು, ಆ ಬೆಲೆ ಯಾರು ಕೊಟ್ಟರು ಅನ್ನೋದನ್ನು ಯಾರೂ ನಮಗ ಕೂಡಿಸಿ ಹೇಳಿಲ್ಲ. ಅದನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಈ ವಿಷಯ ಯಾಕೆ ಬಂತು ಅಂದ್ರ, ನಮ್ಮ ವಾಚನಾಲಯದೊಳಗ ಇಟ್ಟ ಮೀನಿನ ಪೆಟ್ಟಿಗಿಯಿಂದ ಬಂತು. ಮಕ್ಕಳು ರೊಕ್ಕ ಕೂಡಿಸಿ 60 ಲೀಟರ್ ನೀರು ಹಿಡಿಯುವ ಕಾಚಿನ ಪೆಟ್ಟಿಗಿ ತಂದರು. ಮೀರಜಿನ ಅಂಗಡಿಯಿಂದ ಗಪ್ಪಿ ಮೀನುಗಳನ್ನು ಪ್ಲಾಸ್ಟಿಕ್ ಚೀಲದಾಗ ತುಂಬಿಸಿಕೊಂಡು ಎಸ್‌ಟಿ ಬಸ್ಸಿನಲ್ಲಿ ತಂದು ಬಿಟ್ಟರು. ಚಳಿಗಾಲ ಚಂದ ಹೋಯಿತು. ಏಪ್ರಿಲ್ ಬಂದ ಕೂಡಲೇ ನೀರು 34 ಡಿಗ್ರಿಗೆ ಏರಿ ಮೀನುಗಳು ಮ್ಯಾಲ ಬಂದು ಬಾಯಿ ತೆರೆದು ಏದುಸಿರು ಬಿಡಲಿಕ್ಕೆ ಹತ್ತಿದವು. ಆಗ ಎರಡು ಪ್ರಶ್ನೆ ಎದ್ದವು. ಒಂದು, ಈ ನೀರು ತಂಪ ಮಾಡೋದು ಹೆಂಗ? ಎರಡು, ಊರಿಗೆ ಟ್ಯಾಂಕರ್ ಬರುವ ದಿನಗಳೊಳಗ ಮೀನಿನ ತಂಪಿಗೆ ನೀರು ಖರ್ಚು ಮಾಡೋದು ಸರಿಯೋ ತಪ್ಪೋ? ಎರಡನೇ ಪ್ರಶ್ನೆಗೆ ಊರಾಗ ಜಗಳ ಹತ್ತುವ ಹಂತಕ್ಕೆ ಬಂತು. ಅದನ್ನು ಮುಂದ ಹೇಳತೇನಿ. ಮೊದಲು ಹರವಿಯ ಮಾತು.

ಹರವಿಯ ಬೆವರು

ಕುಂಬಾರ ಮಣ್ಣು ತುಳಿಯುವಾಗ ಅದರೊಳಗ ಬೂದಿ, ಕುದುರಿ ಲದ್ದಿ, ಸಣ್ಣ ಉಸುಕು ಬೆರೆಸತಾನ. ಆವಿಗಿಯೊಳಗ ಸುಡುವಾಗ ಲದ್ದಿಯೊಳಗಿನ ಹುಲ್ಲು ಉರಿದು ಹೋಗಿ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ತೂತುಗಳು ಉಳಿತಾವ. ಒಳಗಿನ ನೀರು ಆ ತೂತುಗಳಿಂದ ಹೊರಗಿನ ಮೈಗೆ ಬಂದು ಗಾಳಿಗೆ ಆರತೈತಿ. ನೀರು ಆವಿ ಆಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಹರವಿಯಿಂದಲೂ ಒಳಗಿನ ನೀರಿನಿಂದಲೂ ಎಳೆದುಕೊಂಡು ಹೋಗತೈತಿ. ಉಳಿದ ನೀರು ತಂಪಾಗತೈತಿ. ನಮ್ಮ ಮೈಯ ಬೆವರಿಗೂ ಇದೇ ಕೆಲಸ. ಜಾತ್ರಿಯೊಳಗ ಡೊಳ್ಳು ಬಾರಿಸಿ ಹಾಡಿ ಬೆವತು ನಿಂತವನಿಗೆ ಸಣ್ಣ ಗಾಳಿ ಬೀಸಿದರೂ ಮೈ ಜುಮ್ ಅನ್ನೋದು ಇದಕ್ಕೇ. ಭಜನಿ ಮಾಡುವ ನಮ್ಮಂಥವರು ದೇಹಕ್ಕೆ ಗಡಿಗಿ ಅನ್ನತೇವಿ. ಬೆವರುವ ಲೆಕ್ಕದಾಗ ನೋಡಿದರೂ ಅದು ಖರೇ ಐತಿ.

ಎಷ್ಟು ನೀರು ಹೋದರೆ ಎಷ್ಟು ತಂಪು? ವಿಜ್ಞಾನದವರು ಅಳೆದಿಟ್ಟ ಲೆಕ್ಕ ಮಾಸ್ತರರಿಗೆ ಗೊತ್ತೈತಿ. 1 ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 580 ಲೀಟರ್ ನೀರನ್ನು 1 ಡಿಗ್ರಿ ತಣ್ಣಗ ಮಾಡುವಷ್ಟು ಶಾಖವನ್ನು ಒಯ್ಯತೈತಿ. ಅಂದ್ರ 60 ಲೀಟರಿನ ಪೆಟ್ಟಿಗಿಯಿಂದ ಒಂದೇ ಲೀಟರ್ ಆರಿ ಹೋದರೂ ಲೆಕ್ಕದ ಪ್ರಕಾರ 9 ಡಿಗ್ರಿಗಿಂತ ಹೆಚ್ಚು ತಂಪಾಗಬೇಕು. ಖರೇ ಹೇಳಬೇಕಂದ್ರ ಅಷ್ಟು ಆಗೋದಿಲ್ಲ. ಒಂದು ಕಡಿಯಿಂದ ಶಾಖ ಹೊರಗ ಹೋಗತಿರುವಾಗಲೇ ಇನ್ನೊಂದು ಕಡಿಯಿಂದ ಬಿಸಿ ಗಾಳಿಯ ಶಾಖ ಒಳಗ ಬರತಿರತೈತಿ. ಆದರೂ ಸ್ವಲ್ಪ ನೀರಿನಿಂದ ಬಹಳ ತಂಪು ಸಿಗತೈತಿ ಅನ್ನೋ ಮಾತು ಗಟ್ಟಿ.

ಈ ಉಪಾಯಕ್ಕೆ ಒಂದು ಮಿತಿ ಐತಿ. ಗಾಳಿ ಒಣಗಿದ್ದರೆ ಮಾತ್ರ ಹರವಿ ಕೆಲಸ ಮಾಡತೈತಿ. ನಮ್ಮ ಜತ್ತದ ಬ್ಯಾಸಗಿ ಗಾಳಿ ತುಟಿ ಒಡೆಯುವಷ್ಟು ಒಣ. ಅದಕ್ಕೇ ನಮ್ಮ ಹರವಿ ನೀರು ಹಲ್ಲಿಗೆ ಹತ್ತತೈತಿ. ಕೃಷ್ಣಾ ನದಿ ದಂಡಿಯ ಸಾಂಗಲಿ, ಮೀರಜುಗಳಲ್ಲಿ ಮಳಿಗಾಲ ಹತ್ತಿದಾಗ ಅದೇ ಹರವಿ ಇಟ್ಟರೆ ನೀರು ಅಷ್ಟಕ್ಕಷ್ಟೇ. ಗಾಳಿಯೊಳಗ ಮೊದಲೇ ಪಸಿ ತುಂಬಿದ್ದರೆ ಅದು ಇನ್ನಷ್ಟು ನೀರು ಹೀರೋದಿಲ್ಲ. ಇದನ್ನು ಸಾಲಿ ಮಕ್ಕಳಿಗೆ ತೋರಿಸೋದು ಸುಲಭ. ಎರಡು ಥರ್ಮಾಮೀಟರ್ ತಗೊಂಡು ಒಂದರ ಬುಡಕ್ಕೆ ಒದ್ದಿ ಅರಿವಿ ಸುತ್ತಿ ಗಾಳಿ ಹಾಕಬೇಕು. ಒದ್ದಿ ಅರಿವಿಯದು ಎಲ್ಲಿಗೆ ಇಳಿದು ನಿಲ್ಲತೈತೋ ಆ ದಿನ ನೀರನ್ನು ಗಾಳಿಯಿಂದ ಅದಕ್ಕಿಂತ ಕೆಳಗ ಇಳಿಸಲಿಕ್ಕೆ ಬರೋದಿಲ್ಲ.

ಹರವಿಗೆ ಮುಪ್ಪೂ ಐತಿ. ಎರಡು ಮೂರು ಬ್ಯಾಸಗಿ ದಾಟಿದ ಹರವಿಯ ಮೈಮ್ಯಾಲ ಬೆಳ್ಳಗ ಉಪ್ಪು ಕಟ್ಟತೈತಿ. ಆವಿ ಆಗಿ ಹೋಗೋದು ಬರೇ ನೀರು. ನೀರಿನೊಳಗಿನ ಸವಳು ಹಿಂದ ಉಳಿದು ತೂತುಗಳನ್ನು ಮುಚ್ಚತೈತಿ. ನಮ್ಮ ಕೊಳವಿಬಾವಿ ನೀರು ಗಡಸು ಆದ್ದರಿಂದ ಇದು ಲಗೂನೇ ಆಗತೈತಿ. ಈ ಸಣ್ಣ ಮಾತನ್ನು ನೆನಪಿಡಬೇಕು, ಮೀನಿನ ಪೆಟ್ಟಿಗಿಗೆ ಇದೇ ಮುಂದ ದೊಡ್ಡ ಮಾತಾಗತೈತಿ.

ಹರವಿ ಒಂದೇ ಅಲ್ಲ. ಮನಿಯೊಳಗ ದೊಡ್ಡ ರಾಂಜಣವನ್ನು ಉಸುಕಿನ ಮ್ಯಾಲ ಇಟ್ಟು ಆ ಉಸುಕನ್ನು ಒದ್ದಿ ಇಡತಿದ್ದರು. ಕುರಿ ಕಾಯುವವರು ಒಣಗಿಸಿದ ಸೋರಿ ಬುರುಡಿಯೊಳಗ ನೀರು ಒಯ್ಯತಿದ್ದರು. ಅಂಥದೇ ದೊಡ್ಡ ಬುರುಡಿಯಿಂದ ಮೀರಜಿನ ಕಸಬುದಾರರು ತಂಬೂರಿ, ಸತಾರ ಮಾಡತಾರ. ನೀರು ಹಿಡಿದ ಬುರುಡಿಯೇ ನಾದವನ್ನೂ ಹಿಡಿಯಿತು. ಪಕಾಲಿಯವರು ಚರ್ಮದ ಚೀಲದಾಗ ನೀರು ತುಂಬಿ ಎತ್ತಿನ ಮ್ಯಾಲ ಹೇರಿ ತರತಿದ್ದರು. ಚರ್ಮವೂ ಬೆವರತೈತಿ, ಅದಕ್ಕೆ ಆ ನೀರೂ ತಂಪು. ಲಾರಿಯ ಮುಂದ ಕಟ್ಟುವ ದಪ್ಪ ಅರಿವಿಯ ನೀರಿನ ಚೀಲವನ್ನು ನನ್ನ ವಾರಿಗಿಯವರು ನೋಡ್ಯಾರ. ಲಾರಿ ಓಡಿದಷ್ಟೂ ಗಾಳಿ ಬಡಿದು ನೀರು ತಂಪಾಗತಿತ್ತು.

1972ರ ಬರದಾಗ ನಾನು 12 ವರ್ಷದ ಹುಡುಗ. ಬರಗಾಲದ ಕೆಲಸದ ಮ್ಯಾಲ ಕಲ್ಲು ಒಡೆಯುವ ಹಿರಿಯರ ಹಿಂದ ಹೋಗತಿದ್ದೆ. ಸುಕಡಿ ಹಂಚುತ್ತಿದ್ದ ದಿನಗಳವು. ಜಾಲಿಗಿಡದ ನೆರಳಾಗ ಗಡಿಗಿ ಇಟ್ಟು ಅದಕ್ಕೆ ಒದ್ದಿ ತಟ್ಟು ಸುತ್ತಿರತಿದ್ದರು. ದೂರದಿಂದ ತಲಿಮ್ಯಾಲ ನೀರು ಹೊತ್ತು ತರುವ ಹೆಣ್ಣುಮಗಳು ಕುಡಿಯಲಿಕ್ಕೆ ನೀರು ಕೊಡತಿದ್ದಳು, ಆದರೆ ತಟ್ಟಿಗೆ ನೀರು ಚಿಮುಕಿಸುವಾಗ ಬೆರಳು ಅದ್ದಿ ಅದ್ದಿ ಚಿಮುಕಿಸತಿದ್ದಳು. ಸುರುವಿ ಬಿಡತಿರಲಿಲ್ಲ. ತಂಪಿಗೂ ನೀರೇ ಬೇಕು, ಆ ನೀರಿಗೂ ಲೆಕ್ಕ ಐತಿ ಅನ್ನೋದು ಆಕೆಯ ಕೈಯೊಳಗಿತ್ತು.

ಬಾದಶಹರ ತಂಪು

ಮೀರಜು, ಜತ್ತ, ವಿಜಯಪುರ ಎಲ್ಲ ಒಂದು ಕಾಲಕ್ಕೆ ಆದಿಲಶಾಹಿ ಸೀಮಿ. ಆ ಬಾದಶಹರು ನೀರಿನ ಕೆಲಸದಲ್ಲಿ ಬಹಳ ಶ್ಯಾಣ್ಯಾರಿದ್ದರು. ವಿಜಯಪುರದಲ್ಲಿ ಚಾಂದ ಬಾವಡಿ 1579ರದು, ತಾಜ ಬಾವಡಿ 1620ರದು, ಬೇಗಂ ತಲಾಬ 1651ರದು. ತೊರವಿಯ ಕಡಿಯಿಂದ ನೆಲದೊಳಗ ಸುರಂಗ ಕೊರೆದು ಊರಿಗೆ ನೀರು ತಂದಿದ್ದರು. ಹಾದಿಯೊಳಗ ಅಲ್ಲಲ್ಲಿ ಕಲ್ಲಿನ ನೀರಿನ ಗೋಪುರ ಕಟ್ಟಿದ್ದರು. ಅವುಗಳಿಂದ ನೀರಿನ ಒತ್ತಡ ಕಡಿಮಿ ಆಗತಿತ್ತು, ಕೆಸರು ಕೆಳಗ ಕೂಡತಿತ್ತು.

ತಂಪಿಗಾಗಿಯೇ ಕಟ್ಟಿದ್ದನ್ನು ನೋಡಬೇಕಾದರೆ ವಿಜಯಪುರದಿಂದ ಸಿಂದಗಿ ರಸ್ತೆಗೆ ಸುಮಾರು 20 ಕಿ.ಮೀ. ದೂರದ ಕುಮಟಗಿಗೆ ಹೋಗಬೇಕು. ಅದು ಆದಿಲಶಾಹಿಯವರ ಬ್ಯಾಸಗಿ ಅರಮನಿ. ಕೆರಿಯ ನೀರನ್ನು ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವಿಗಳಲ್ಲಿ ಇಳಿಸಿ, ಕಾರಂಜಿಯಾಗಿ ಚಿಮ್ಮಿಸತಿದ್ದರು. ಮಂಟಪದ ಮಾಳಗಿಯಿಂದ ಮಳಿ ಬಿದ್ದಂಗ ನೀರು ಸುರಿಸತಿದ್ದರು. ನೀರು ಹನಿಹನಿಯಾಗಿ ಗಾಳಿಯೊಳಗ ಬಿದ್ದಷ್ಟೂ ಹೆಚ್ಚು ಆವಿ ಆಗತೈತಿ, ಸುತ್ತಲಿನ ಗಾಳಿಯೂ ನೀರೂ ತಂಪಾಗತಾವ. ಹರವಿಯ ಮೈಮ್ಯಾಲ ಆಗೋದೇ ಇಲ್ಲಿ ಅರಮನಿ ಅಳತಿಯೊಳಗ ಆಯಿತು. ನಾನು ಅಲ್ಲಿ ನಿಂತು ನೋಡಿದಾಗ ಮೊದಲು ತಲಿಗೆ ಬಂದದ್ದು, ಕೆಳಗಿನ ನೀರನ್ನು ಅಷ್ಟು ಮ್ಯಾಲ ಏರಿಸಿದ ಎತ್ತು ಯಾವವು, ಎಳೆದ ಕೈ ಯಾವವು ಅನ್ನೋದು. ಗೋಡಿಯ ಮ್ಯಾಲ ಚಿತ್ರಗಳು ಅದಾವ, ಆ ಕೈಗಳ ಹೆಸರಿಲ್ಲ.

ಉತ್ತರದಾಗ ಮೊಗಲರು ಬೇರೆ ಹಾದಿ ಹಿಡಿದಿದ್ದರು. ಅಕಬರನ ಆಸ್ಥಾನದ ಅಬುಲ್ ಫಜಲ್ ಬರೆದ ಐನ್-ಇ-ಅಕಬರಿಯಲ್ಲಿ ಪೆಟ್ಲುಪ್ಪಿನಿಂದ ನೀರು ತಂಪ ಮಾಡುವ ರೀತಿ ಐತಿ. ಪೆಟ್ಲುಪ್ಪು ನೀರಾಗ ಕರಗುವಾಗ ಶಾಖ ಎಳೆದುಕೊಳ್ಳತೈತಿ. ಆ ಉಪ್ಪು ನೀರಿನೊಳಗ ಕುಡಿಯುವ ನೀರಿನ ಪಾತ್ರಿ ಇಟ್ಟು ತಿರುವುತ್ತಿದ್ದರು. ತೋಪಿನ ಮದ್ದಿಗೂ ಅದೇ ಉಪ್ಪು, ಬಾದಶಹನ ತಂಪಿಗೂ ಅದೇ ಉಪ್ಪು. ಮುಂದ ಲಾಹೋರದಲ್ಲಿ ಇದ್ದಾಗ ಬೆಟ್ಟದ ಬರ್ಫವನ್ನು ದೋಣಿ, ಗಾಡಿ, ಆಳುಗಳ ಮ್ಯಾಲ ತರಿಸತಿದ್ದರು.

ಅಲಹಾಬಾದ ಕಡಿಯವರದು ಇನ್ನೊಂದು ಉಪಾಯ. ಚಳಿಗಾಲದ ಸ್ವಚ್ಛ ಆಕಾಶದ ರಾತ್ರಿ, ತೆಗ್ಗಿನೊಳಗ ಒಣ ದಂಟು ಹಾಸಿ ಅದರ ಮ್ಯಾಲ ತೆಳುವಾದ ಮಣ್ಣಿನ ಪರಟಿಗಳಲ್ಲಿ ನೀರು ಇಡತಿದ್ದರು. ಬೆಳಗಾಗೋದರೊಳಗ ಮ್ಯಾಲ ಬರ್ಫ ಕಟ್ಟತಿತ್ತು. ಇದನ್ನು ನೋಡಿದ ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದದ್ದು 1775ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸೂರ್ಯ ಮುಳುಗಿದ ಮ್ಯಾಲ ಆಕಾಶಕ್ಕೆ ಶಾಖ ಬಿಟ್ಟುಕೊಡುವ ಉಪಾಯ ಅದು.

ಹಡಗಿನಲ್ಲಿ ಬಂದ ಬರ್ಫ

ಇಂಗ್ಲಿಷರಿಗೆ ನಮ್ಮ ಬ್ಯಾಸಗಿ ಸಾಕುಬೇಕು ಮಾಡಿತು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿಸಿ, ಅದಕ್ಕೆ ಆಳು ಇಟ್ಟು ನೀರು ಹೊಡೆಸಿದರು. ಮಾಳಗಿಗೆ ಪಂಖಾ ಕಟ್ಟಿಸಿ, ಹಗ್ಗ ಎಳೆಯಲಿಕ್ಕೆ ಹೊರಗ ಬಿಸಿಲಾಗ ಒಬ್ಬನನ್ನು ಕೂಡಿಸಿದರು. ಒಳಗ ಕುಳಿತವನ ಮೈ ಆರತಿತ್ತು, ಹೊರಗ ಹಗ್ಗ ಎಳೆಯುವವನ ಮೈ ಬೆವರತಿತ್ತು.

ಅದೂ ಸಾಲದ್ದಕ್ಕೆ ಅಮೇರಿಕಾದಿಂದ ಬರ್ಫ ತರಿಸಿದರು. ಇದು ಕಥಿ ಅಲ್ಲ. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನುವ ವ್ಯಾಪಾರಿ 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ 180 ಟನ್ ಬರ್ಫ ಹೇರಿ ಕಲಕತ್ತಾಕ್ಕೆ ಕಳಿಸಿದ. ಅಲ್ಲಿನ ಕೆರಿಗಳು ಚಳಿಗಾಲದಾಗ ಗಟ್ಟಿಯಾದಾಗ ಕೊಯ್ದು ತೆಗೆದ ಬರ್ಫ ಅದು. ನಾಕು ತಿಂಗಳ ಹಾದಿ ದಾಟಿ ಸುಮಾರು 100 ಟನ್ ಉಳಿದು ಬಂದಿತ್ತು. ಮದ್ರಾಸಿನ ಸಮುದ್ರ ದಂಡಿಯಲ್ಲಿ 1842ರಲ್ಲಿ ಬರ್ಫ ಇಡಲಿಕ್ಕೆ ಕಟ್ಟಿದ ಮನಿ ಇವತ್ತಿಗೂ ಐತಿ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಇಳಿದಿದ್ದರಿಂದ ಅದಕ್ಕೆ ಈಗ ಅವರದೇ ಹೆಸರು. ಯಂತ್ರದಿಂದ ಬರ್ಫ ಮಾಡುವ ಕಾರಖಾನಿಗಳು ಇಲ್ಲೇ ಎದ್ದ ಮ್ಯಾಲ ಹಡಗಿನ ಬರ್ಫ ನಿಂತು ಹೋಯಿತು.

ಯಂತ್ರದ ತಂಪು ಈಗ ನಮ್ಮ ಜಿಲ್ಲಾದಾಗ ಎಲ್ಲಾ ಕಡಿ ಐತಿ. ತಾಸಗಾಂವ, ಸಾಂಗಲಿ, ಮೀರಜು ಭಾಗದ ಕೋಲ್ಡ್ ಸ್ಟೋರೇಜುಗಳಲ್ಲಿ ನಮ್ಮ ಒಣದ್ರಾಕ್ಷಿ ಬಣ್ಣ ಕೆಡದಂಗ ತಿಂಗಳುಗಟ್ಟಲೆ ಇರತೈತಿ. ಆದರೆ ಅದರ ಹಿಂದಿನ ಗೋಡಿಗೆ ಹೋಗಿ ನಿಂತರೆ ಬಿಸಿ ಗಾಳಿ ಮುಖಕ್ಕೆ ಹೊಡಿಯತೈತಿ. ಮನಿಯ ಫ್ರಿಜ್ಜಿನ ಹಿಂದ ಕೈ ಇಟ್ಟರೂ ಅಷ್ಟೇ. ಯಂತ್ರ ತಂಪನ್ನು ಹುಟ್ಟಿಸೋದಿಲ್ಲ. ಒಳಗಿನ ಶಾಖವನ್ನು ಹೊರಗ ಒಗಿಯತೈತಿ, ಆ ಕೂಲಿಗೆ ಕರೆಂಟು ತಿನ್ನತೈತಿ.

ಹಿಂಗ ನೋಡಿದರೆ ಒಂದು ಮಾತು ಸ್ಪಷ್ಟ ಆಗತೈತಿ. ತಂಪು ಯಾವ ಕಾಲದಾಗೂ ಪುಕ್ಕಟೆ ಬಂದಿಲ್ಲ. ಕುಮಟಗಿಯಲ್ಲಿ ದುಡಿತ, ಲಾಹೋರದಲ್ಲಿ ಆಳುಗಳ ಹೆಗಲು, ಕಲಕತ್ತಾದಲ್ಲಿ ಹಡಗಿನ ಬಾಡಿಗಿ, ಈಗ ಕರೆಂಟಿನ ಬಿಲ್ಲು. ಹರವಿ ಮಾತ್ರ ತನ್ನೊಳಗಿನ ನೀರನ್ನೇ ಚೂರು ಕೊಟ್ಟು ಉಳಿದದ್ದನ್ನು ತಂಪ ಮಾಡತೈತಿ. ಅದಕ್ಕೇ ಅದು ಬಡವರ ಮನಿಯಾಗ ಉಳಿದು ಬಂತು.

ಚಳಿ ದೇಶದ ಪೆಟ್ಟಿಗಿ

ಈಗ ಮೀನಿನ ಪೆಟ್ಟಿಗಿಗೆ ಬರೋಣ. ಕಾಚಿನ ಪೆಟ್ಟಿಗಿಯೊಳಗ ಮೀನು ಸಾಕಿ ನೋಡುವ ಹುಚ್ಚು ದೊಡ್ಡದಾಗಿ ಹಬ್ಬಿದ್ದು ಇಂಗ್ಲೆಂಡಿನಿಂದ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ 1853ರಲ್ಲಿ ಮೀನುಮನಿ ತೆರೆದರು. ಮರುವರ್ಷ ಫಿಲಿಪ್ ಗಾಸ್ ಅನ್ನುವವರು ಈ ವಿಷಯದ ಮ್ಯಾಲ ಪುಸ್ತಕ ಬರೆದು ಮನಿಮನಿಗೆ ಹಬ್ಬಿಸಿದರು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ ತೆರೆದದ್ದು 1951ರಲ್ಲಿ. ನಮ್ಮ ಕಡಿಯಿಂದ ಮುಂಬಯಿ ನೋಡಲಿಕ್ಕೆ ಹೋದವರು ಅದನ್ನು ನೋಡದೆ ಬರತಿರಲಿಲ್ಲ.

ಚಳಿ ದೇಶದವರಿಗೆ ಬಿಸಿ ನಾಡಿನ ಬಣ್ಣದ ಮೀನು ಸಾಕುವಾಗ ಇದ್ದ ಚಿಂತಿ ನೀರು ಬಿಸಿ ಇಡೋದು ಹೆಂಗ ಅನ್ನೋದು. ಅದಕ್ಕೇ ಅಂಗಡಿಯೊಳಗ ಕಡಿಮಿ ಬೆಲಿಗೂ ನೀರು ಕಾಯಿಸುವ ಕಡ್ಡಿ ಸಿಗತೈತಿ. ತಂಪ ಮಾಡುವ ಯಂತ್ರ ಕೇಳಿದರೆ ಅದು ಫ್ರಿಜ್ಜಿನ ತಮ್ಮ, ಬೆಲಿ ಕೇಳಿದರೆ ಪೆಟ್ಟಿಗಿ, ಮೀನು, ಮೇಜು ಎಲ್ಲ ಕೂಡಿದರೂ ಅದಕ್ಕೆ ಸಾಟಿ ಆಗೋದಿಲ್ಲ. ಅವರ ಚಳಿಗೆ ಹುಟ್ಟಿದ ವಿದ್ಯೆ ನಮ್ಮ ಬಿಸಿಲಿಗೆ ಒಪ್ಪಬೇಕಾದರೆ ನಾವೇ ಏನರ ಮಾಡಬೇಕು.

ಮೀನಿಗೆ ಬಿಸಿ ನೀರು ಯಾಕೆ ತ್ರಾಸ ಅಂದ್ರ, ಮೀನು ನೀರಿನೊಳಗ ಕರಗಿದ ಗಾಳಿಯನ್ನು ಕಿವಿರಿನಿಂದ ತಗೋತೈತಿ. 20 ಡಿಗ್ರಿ ಇದ್ದಾಗ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯತೈತಿ. 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯತೈತಿ. ನೀರು ಬಿಸಿ ಆದಂಗ ಮೀನಿನ ಮೈಗೆ ಆಕ್ಸಿಜನ್ ಹೆಚ್ಚು ಬೇಕು, ನೀರಾಗ ಇರೋದು ಕಡಿಮಿ. ಹಿಂಗ ಎರಡೂ ಕಡಿಯಿಂದ ಕತ್ತರಿ. ಅದಕ್ಕೇ ಅವು ಮ್ಯಾಲ ಬಂದು ಬಾಯಿ ತೆರೆಯತಾವ.

ತೂತಿನ ಗಡಿಗಿ

ಮೊದಲು ಪೆಟ್ಟಿಗಿಯ ಜಾಗಾ ಬದಲಿ ಮಾಡಿದೆವು. ಪತ್ರಾಸಿನ ಕೆಳಗ ಇದ್ದದ್ದನ್ನು ಹಳೇ ಮಣ್ಣಿನ ಮಾಳಗಿಯ ಖೋಲಿಗೆ, ಬಿಸಿಲು ಬೀಳದ ಬಡಗಣ ಗೋಡಿಗೆ ತಂದೆವು. ಅದರಿಂದಲೇ ಎರಡು ಡಿಗ್ರಿ ಕಡಿಮಿ ಆಯಿತು. ಏನೇ ಮಾಡುವ ಮೊದಲು ನೆರಳು ಮಾಡಬೇಕು. ಅದಕ್ಕೆ ಖರ್ಚಿಲ್ಲ.

ಆಮ್ಯಾಲ ಕುಂಬಾರಣ್ಣನ ಹತ್ತಿರ ಹೋಗಿ, ತಳಕ್ಕೆ ಒಂದು ತೂತು, ಪಕ್ಕಕ್ಕೆ ಅಂಗೈ ಅಗಲದ ಎರಡು ಕಿಟಕಿ ಇರುವ ಅಗಲ ಬಾಯಿಯ ಗಡಿಗಿ ಮಾಡಿಕೊಡು ಅಂದೆ. ಅವ ನನ್ನ ಮುಖ ನೋಡಿ, "ಯಪ್ಪಾ, ತೂತಿನ ಗಡಿಗಿ ಮಸಣಕ್ಕ ಒಯ್ಯತಾರ. ಯಾರ ಮನ್ಯಾಗ ಏನಾತು?" ಅಂದ. "ಯಾರೂ ಹೋಗಬಾರದು ಅಂತನ ಮಾಡಸಾಕ ಬಂದೀನೋ ತಮ್ಮಾ" ಅಂದೆ. ನಕ್ಕು ಮಾಡಿಕೊಟ್ಟ. ತೂತು, ಕಿಟಕಿಗಳನ್ನು ಹಸಿ ಮಣ್ಣಿದ್ದಾಗಲೇ ತೆಗಿಬೇಕು. ಸುಟ್ಟ ಮ್ಯಾಲ ಕೊರೆದರೆ ಗಡಿಗಿ ಸೀಳತೈತಿ.

ಆ ಗಡಿಗಿಯನ್ನು ಮೂರು ದಿನ ನೀರಾಗ ನೆನಸಿ, ನೀರು ಚೆಲ್ಲಿ ಚೆಲ್ಲಿ ತೊಳೆದೆವು. ಪೆಟ್ಟಿಗಿಯ ಮ್ಯಾಲ ಕಟ್ಟಿಗಿಯ ಮಣಿ ಇಟ್ಟು ಅದರ ಮ್ಯಾಲ ಗಡಿಗಿ ಕೂಡಿಸಿದೆವು. ಒಳಗ ತೊಳೆದ ಹಂಚಿನ ಚೂರು, ಬೋಕಿ ತುಂಬಿದೆವು. ಪೆಟ್ಟಿಗಿಯೊಳಗಿನ ಸಣ್ಣ ಪಂಪು ನೀರನ್ನು ಮ್ಯಾಲ ಏರಿಸಿ ಗಡಿಗಿ ಬಾಯಿಗೆ ಬಿಡತೈತಿ. ನೀರು ಚೂರುಗಳ ಮ್ಯಾಲ ತೆಳ್ಳಗ ಹರಿದು ತಳದ ತೂತಿನಿಂದ ತಿರುಗಿ ಪೆಟ್ಟಿಗಿಗೆ ಬೀಳತೈತಿ. ಒಂದು ಕಿಟಕಿಗೆ ಹಳೇ ಕಂಪ್ಯೂಟರಿನ 12 ವೋಲ್ಟಿನ ಸಣ್ಣ ಫ್ಯಾನು ಕಟ್ಟಿದೆವು. ಅದು ಗಾಳಿ ಒಳಗ ಹಾಕತೈತಿ, ಇನ್ನೊಂದು ಕಿಟಕಿಯಿಂದ ಪಸಿ ಗಾಳಿ ಹೊರಗ ಹೋಗತೈತಿ. ಇಷ್ಟೇ. ಕುಮಟಗಿಯ ಗೋಪುರ ಒಂದು ಗಡಿಗಿಯೊಳಗ ಬಂದು ಕುಂತಂಗ ಆಯಿತು. ನೀರು ಮ್ಯಾಲಿಂದ ಬೀಳುವಾಗ ಗಾಳಿ ಬೆರೆತು ಆಕ್ಸಿಜನ್ನೂ ಹೆಚ್ಚಾತು.

ಖೋಲಿಯೊಳಗ 38 ಡಿಗ್ರಿ ಇದ್ದ ಮಧ್ಯಾಹ್ನಕ್ಕೆ ನೀರು 28, 29ರ ಮ್ಯಾಲ ಹೋಗಲಿಲ್ಲ. ಮೀನುಗಳು ಕೆಳಗ ಇಳಿದು ಈಸಲಿಕ್ಕೆ ಹತ್ತಿದವು.

ಮಾಡುವವರು ಕೆಲವು ಮಾತು ತಿಳಿದಿರಬೇಕು. ತಾಮ್ರದ ಕೊಳವಿ ಹಾಕಬಾರದು, ತಾಮ್ರ ಮೀನಿಗೆ ವಿಷ. ದ್ರಾಕ್ಷಿ ತ್ವಾಟದ ಹಳೇ ಡ್ರಿಪ್ ಪೈಪು ಬ್ಯಾಡ, ಅದರಾಗ ಗೊಬ್ಬರ, ಔಷಧ ಹರಿದಿರತೈತಿ. ಹೊಸ ಪೈಪು ಒಂದು ಮೀಟರ್ ತಂದರೆ ಸಾಕು. ದೊಡ್ಡ ಪಂಪು ಹಾಕಿದರೆ ಅದರ ಬಿಸಿಯೇ ನೀರಿಗೆ ಕೂಡತೈತಿ. ಬರ್ಫ ತಂದು ಒಮ್ಮೆಲೇ ಹಾಕಿದರೆ ಮೀನಿಗೆ ಧಕ್ಕೆ ಹತ್ತತೈತಿ. ಕರೆಂಟಿನ ವಾಯರು ನೀರಿನ ಮಟ್ಟಕ್ಕಿಂತ ಕೆಳಗ ಜೋತು ಬಿದ್ದು ಆಮ್ಯಾಲ ಬೋರ್ಡಿಗೆ ಏರುವಂಗ ಇರಬೇಕು, ಆಗ ನೀರು ಹರಿದು ಬೋರ್ಡಿಗೆ ಮುಟ್ಟೋದಿಲ್ಲ. ಕರೆಂಟು ಹೋದಾಗ ಪೆಟ್ಟಿಗಿಯ ಹಿಂದಿನ ಕಾಚಿಗೆ ಒದ್ದಿ ಅರಿವಿ ಹಚ್ಚಿ ಅದರ ತುದಿಯನ್ನು ನೀರಿನ ತಾಟಿನಾಗ ಬಿಡಬೇಕು. ಅಷ್ಟರಮಟ್ಟಿಗೆ ಪೆಟ್ಟಿಗಿಯೇ ಹರವಿ ಆಗತೈತಿ.

ಮೊದಲು ಹೇಳಿದ ಸವಳಿನ ಮಾತು ಇಲ್ಲಿ ಬರತೈತಿ. ಆರಿ ಹೋದಷ್ಟು ನೀರನ್ನು ದಿನಾ ಕೊಳವಿಬಾವಿಯಿಂದಲೇ ತುಂಬುತ್ತಾ ಹೋದರೆ ಉಪ್ಪು ಪೆಟ್ಟಿಗಿಯೊಳಗ ಕೂಡುತ್ತಾ ಹೋಗತೈತಿ. ಅದಕ್ಕೆ ದಿನದ ಮರುಪೂರ್ತಿಗೆ ಫಿಲ್ಟರ್ ನೀರು ಇಲ್ಲವೇ ಕೂಡಿಸಿಟ್ಟ ಮಳಿ ನೀರು ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಬೇರೆ ನೀರು ತುಂಬಬೇಕು. ಟ್ಯಾಂಕರಿನ ನೀರಿಗೆ ಟಿಸಿಎಲ್ ಪುಡಿ ಹಾಕಿರತಾರ, ಅದನ್ನು ಬಾಯಿ ತೆರೆದ ಬಕೇಟಿನಾಗ ಒಂದು ದಿನ ಇಟ್ಟು ಆಮ್ಯಾಲ ಹಾಕಬೇಕು.

ಊರಿನ ಪ್ರಶ್ನೆ

ಗಡಿಗಿ ತಿರುಗಲಿಕ್ಕೆ ಹತ್ತಿದ ಮ್ಯಾಲ ನೋಡಲಿಕ್ಕೆ ಊರೇ ಬಂತು. ಅದರಾಗ ನಮ್ಮ ಓಣಿಯ ಒಬ್ಬ ಹಿರಿ ಅವ್ವ ಸುಮ್ಮನ ನಿಂತು ಎಲ್ಲಾ ನೋಡಿ, "ದಿನಾ ಎಷ್ಟು ನೀರು ಹಾಕತೀರಿ ಇದಕ್ಕ?" ಅಂತ ಕೇಳಿದಳು. "ಎರಡು ಲೀಟರ್, ಅವ್ವಾ." "ಟ್ಯಾಂಕರ್ ನೀರಿಗೆ ನಾ ಕೊಡ ಹಿಡದು ಪಾಳೇಕ ನಿಂದರತೀನಿ. ನನ್ನ ಎಮ್ಮಿ ಕಲಗಚ್ಚು ಕುಡದು ನನ್ನ ಮಾರಿ ನೋಡತೈತಿ. ನಿಮ್ಮ ಮೀನಕ್ಕ ಕಾರಂಜಿ!"

ಯಾರಿಗೂ ಮಾತು ಹೊರಡಲಿಲ್ಲ. ಪೆಟ್ಟಿಗಿ ತಗೀರಿ ಅಂತ ಕೆಲವರು ಅಂದರು. ಎರಡು ಲೀಟರಿನಿಂದ ಏನು ಮುಳುಗತೈತಿ ಅಂತ ಕೆಲವರು ಅಂದರು. ನನಗೆ ಅವ್ವನ ಪ್ರಶ್ನೆಯೇ ಸರಿ ಅನ್ನಿಸಿತು. ಕುಮಟಗಿಯಲ್ಲಿ ನಿಂತು ನಾನು ಕೇಳಿದ ಪ್ರಶ್ನೆ ಅದೇ. ನಮ್ಮ ಕಡಿ ನೀರಿನ ಮಾತು ಚ್ಯಾಷ್ಟಿ ಅಲ್ಲ. 2016ರ ಏಪ್ರಿಲ್ 11ಕ್ಕೆ ಮೀರಜು ಸ್ಟೇಶನ್ನಿನಿಂದ ಲಾತೂರಿಗೆ ನೀರಿನ ರೈಲು ಹೊರಟಿತು. 10 ಟ್ಯಾಂಕಿನಾಗ ಸುಮಾರು 5 ಲಕ್ಷ ಲೀಟರ್ ನೀರು ತುಂಬಿಕೊಂಡು ಮರುದಿನ ಮುಟ್ಟಿತು. ನೀರಿಗೂ ರೈಲು ಬೇಕಾದ ನಾಡು ಇದು. ಅದೇ ಮೀರಜು ತಾಲೂಕಿನ ಮೈಸಾಳದಿಂದ ಪಂಪು ಹಚ್ಚಿ ಏರಿಸಿದ ಕೃಷ್ಣಾ ನೀರಿನ ಹಾದಿ ನಾವು ಜತ್ತದವರು ವರ್ಷಗಟ್ಟಲೆ ಕಾದಿದ್ದೇವೆ.

ಅದಕ್ಕೆ ವಾಚನಾಲಯದಾಗ ಕೂಡಿ ಲೆಕ್ಕ ಹಾಕಿದೆವು. ಟ್ಯಾಂಕರಿನ ಊರಿಗೆ ಸರಕಾರದ ಅಳತಿ ಒಬ್ಬರಿಗೆ ದಿನಕ್ಕೆ 20 ಲೀಟರ್. ಮೀನಿನ ಗಡಿಗಿಗೆ 2 ಲೀಟರ್ ಅಂದ್ರ ಒಬ್ಬ ಮನುಷ್ಯನ ಪಾಲಿನ ಹತ್ತರಲ್ಲಿ ಒಂದು ಭಾಗ. ಏಪ್ರಿಲ್ ಆರಂಭದಿಂದ ಮಿರಗದ ಮಳಿಯವರೆಗೆ 70 ದಿನ ಹಿಡಿದರೆ 140 ಲೀಟರ್. ವಾರಕ್ಕೊಮ್ಮೆ ತೆಗೆಯುವ 15 ಲೀಟರ್ ಬೇರೆ, ಅದು ವ್ಯರ್ಥ ಅಲ್ಲ, ಗಿಡಕ್ಕೆ ಬಲು ಒಳ್ಳೇದು. ಸಣ್ಣ ಲೆಕ್ಕ ಅನ್ನಬಹುದು, ಆದರೆ ಕೊಡುವವರು ಯಾರು ಅನ್ನೋದು ತೀರ್ಮಾನ ಆಗದಿದ್ದರೆ ಸಣ್ಣ ಲೆಕ್ಕವೂ ಅನ್ಯಾಯ ಆಗತೈತಿ.

ಮೂರು ಮಾತು ಠರಾಯಿಸಿದೆವು. ಒಂದು, ಊರಿನ ಟ್ಯಾಂಕರ್ ಪಾಳಿಯಿಂದ ಮೀನಿಗೆ ನೀರು ತಗೊಳ್ಳಬಾರದು. ಪೆಟ್ಟಿಗಿ ಬೇಕು ಅನ್ನುವ ಸದಸ್ಯರು ಸರದಿ ಪ್ರಕಾರ ತಮ್ಮ ಮನಿಯ ಪಾಲಿನಿಂದ ತರಬೇಕು. ಎರಡು, ತೆಗೆದ ನೀರು ಸಾಲಿಯ ಬೇವಿನ ಸಸಿಗಳಿಗೆ ಹೋಗಬೇಕು. ಮೂರು, ಮೀನು ತಾವು ಕುಡಿದ ನೀರಿನ ಋಣ ತೀರಿಸಬೇಕು. ಗಪ್ಪಿ ಮೀನು ಸೊಳ್ಳಿ ಮರಿಗಳನ್ನು ತಿನ್ನತೈತಿ. ಇದೂ ಹಳೇ ಉಪಾಯವೇ. ಮಲೇರಿಯಾದ ವಿರುದ್ಧ ಗಂಬೂಸಿಯಾ ಅನ್ನುವ ಮೀನನ್ನು 1928ರಲ್ಲೇ ಇಟಲಿಯಿಂದ ನಮ್ಮ ದೇಶಕ್ಕೆ ತಂದಿದ್ದರು. ಈಗ ಆರೋಗ್ಯ ಖಾತೆಯವರೂ ಗಪ್ಪಿ ಹಂಚತಾರ. ಟ್ಯಾಂಕರ್ ಬರುವ ಊರಾಗ ಎಲ್ಲರೂ ನೀರು ಕೂಡಿಟ್ಟಿರತಾರ, ಅಲ್ಲೇ ಡೆಂಗಿ ಸೊಳ್ಳಿ ಹುಟ್ಟತಾವ. ಹಂಗಾಗಿ ಪೆಟ್ಟಿಗಿಯೊಳಗ ಹುಟ್ಟಿದ ಮರಿಗಳನ್ನು ಕೇಳಿದ ಮನಿಯ ದನದ ನೀರಿನ ಟಾಕಿಗೆ ಪುಕ್ಕಟೆ ಕೊಡಬೇಕು. ಕೆರಿಹಳ್ಳಕ್ಕೆ ಮಾತ್ರ ಬಿಡಬಾರದು, ಅಲ್ಲಿನ ನಮ್ಮ ಮೀನುಗಳಿಗೆ ತ್ರಾಸ ಆಗತೈತಿ.

ಅವ್ವ ಎಲ್ಲಾ ಕೇಳಿ, "ಹಂಗಾರ ಬರದಿಡ್ರಿ. ಬಾಯಿ ಮಾತು ಬ್ಯಾಡ" ಅಂದಳು. ಅವತ್ತಿನಿಂದ ಪೆಟ್ಟಿಗಿಯ ಪಕ್ಕ ಒಂದು ಪಾಟಿ ತೂಗು ಹಾಕೇವಿ. ತಾರೀಖು, ಖೋಲಿಯ ಬಿಸಿ, ನೀರಿನ ಬಿಸಿ, ಹಾಕಿದ ನೀರು, ತಂದವರ ಹೆಸರು, ಇಷ್ಟನ್ನು ಮಕ್ಕಳು ದಿನಾ ಬರೀತಾರ. ವಾರಕ್ಕೊಮ್ಮೆ ವಹಿಗೆ ಇಳಿಸತಾರ. ಬಾದಶಹರ ಗೋಡಿಯ ಮ್ಯಾಲ ನೀರು ಎಳೆದವರ ಹೆಸರು ಇಲ್ಲ. ನಮ್ಮ ವಹಿಯೊಳಗ ಒಂದು ತಂಬಿಗಿ ತಂದವರದೂ ಐತಿ.

ಸಾಲಿ ಗುರುಗಳಲ್ಲಿ ಒಂದು ವಿನಂತಿ. ಈ ಪಾಟಿಯನ್ನು ಗಣಿತಕ್ಕೂ ವಿಜ್ಞಾನಕ್ಕೂ ಚರಿತ್ರೆಗೂ ಉಪಯೋಗ ಮಾಡಿಕೊಳ್ಳಬೇಕು. ಗಾಳಿ ಒಣ ಇದ್ದ ದಿನ ಎಷ್ಟು ನೀರು ಹೋಯಿತು, ಮೋಡ ಕವಿದ ದಿನ ಎಷ್ಟು ಅನ್ನೋದನ್ನು ಮಕ್ಕಳು ತಾವೇ ಕೂಡಿ ಕಳೆದು ನೋಡಲಿ. ಊರಿನ ಹಿರಿಯರಲ್ಲಿ ಇನ್ನೊಂದು ವಿನಂತಿ. ನಿಮ್ಮ ಮನಿಯೊಳಗ ಹಿಂದ ನೀರು, ಹಾಲು, ಬೆಣ್ಣಿ ಹೆಂಗ ತಂಪ ಇಡತಿದ್ದರು ಅನ್ನೋದನ್ನು ಬಂದು ಹೇಳ್ರಿ, ಅದನ್ನೂ ವಹಿಯೊಳಗ ಬರಕೊಳ್ಳತೇವಿ. ಮೀನು ನೋಡಲಿಕ್ಕೆ ಯಾವಾಗ ಬೇಕಾದರೂ ಬರಬಹುದು. ಬ್ಯಾಸಗಿಯೊಳಗ ಬರುವವರು ಮಾತ್ರ ಬರಗೈಲೆ ಬರದೆ ಒಂದು ತಂಬಿಗಿ ನೀರು ತಗೊಂಡು ಬರ್ರಿ.